ತಲೆಗೆ ಸಂಬಂಧಿಸಿದ ಗ್ರೀಕ ವೈದ್ಯಶಬ್ದಗಳು

ವೈದ್ಯಶಾಸ್ತ್ರದ ಪರಿಭಾಷೆಯು ಬಹುಮಟ್ಟಿಗೆ ಗ್ರೀಕ ಹಾಗೂ ಲ್ಯಾಟಿನ್ ಭಾಷೆಗಳಿಂದ ಬಂದುದಾಗಿದೆ. ಅಗಡಿಯಂಥ ಊರಿನ ರೋಗಿಯನ್ನು ಹಾವೇರಿಗಾಗಲಿ, 1957ರಲ್ಲಿ ವೈದ್ಯಕೀಯ ಕಾಲೇಜು ಸ್ಥಾಪಿತವಾದ ಹುಬ್ಬಳ್ಳಿಗಾಗಲಿ ಕರೆದೊಯ್ದಾಗ ಡಾಕ್ಟರರು ಬರೆದುಕೊಡುವ ಚೀಟಿಯಲ್ಲಿ ಇಂಥ ಶಬ್ದಗಳೇ ಇರುತ್ತವೆ. ಮನೆಯಲ್ಲಿ ಓದು ಬಲ್ಲವಳು ಮಗಳೊಬ್ಬಳೇ ಆಗಿದ್ದರೆ ಆ ಚೀಟಿಯು ಅವಳ ಕೈಗೇ ಬರುವದು. ಆದಕಾರಣ ಕೆಲವು ಮೂಲಶಬ್ದಗಳ ಅರ್ಥವನ್ನು ಅರಿತಿರುವದು ವಿದ್ಯಾರ್ಥಿನಿಯರಿಗೆ ಹಿತಕರವು.

ಮೊದಲನೆಯದು ‘ಕ್ರಾನಿಯೊನ್’, ಅಂದರೆ ತಲೆಬುರುಡೆ. ಮಿದುಳನ್ನು ಸುತ್ತುವರಿದು ಕಾಯುವ 8 ಎಲುಬುಗಳ ಕೋಶಕ್ಕೆ ‘ಕ್ರೇನಿಯಂ’ ಎಂಬ ಹೆಸರು ಇದರಿಂದಲೇ ಬಂದಿತು. ‘ಟೊಮೆ’ ಎಂದರೆ ಕೊಯ್ಯುವಿಕೆ. ಆದುದರಿಂದ ಬುರುಡೆಯನ್ನು ತೆರೆಯುವ ಶಸ್ತ್ರಕ್ರಿಯೆಯು ‘ಕ್ರೇನಿಯಾಟಮಿ’. ‘ಹೆಮಿ’ ಎಂದರೆ ಅರ್ಧ. ‘ಹೆಮಿಕ್ರಾನಿಯಾ’ ಎಂಬ ಗ್ರೀಕ ಶಬ್ದವು ಫ್ರೆಂಚರ ಬಾಯಲ್ಲಿ ಸವೆದು ‘ಮೈಗ್ರೇನ್’ ಆಯಿತು. ನಮ್ಮವರು ಅದನ್ನೇ ಅರೆತಲೆನೋವು ಎನ್ನುವರು. ಸಂಸ್ಕೃತದ ‘ಶಿರಸ್’ ಶಬ್ದವೂ ಗ್ರೀಕರ ‘ಕ್ರಾನಿಯೊನ್’ ಶಬ್ದವೂ ಒಂದೇ ಪ್ರಾಚೀನ ಮೂಲದಿಂದ ಹುಟ್ಟಿದವುಗಳೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿರುವರು. ಕನ್ನಡದ ‘ತಲೆ’ಯಾದರೋ ತಮಿಳರ ‘ತಲೈ’ಯ ಬಳಗಕ್ಕೆ ಸೇರಿದ್ದು.

ಎರಡನೆಯದು ‘ಕೆಫಲೆ’, ಅಂದರೆ ತಲೆ. ‘ಎನ್’ ಎಂದರೆ ಒಳಗೆ. ತಲೆಯೊಳಗಿರುವ ಮಿದುಳನ್ನು ಗ್ರೀಕರು ‘ಎಂಕೆಫಲೊಸ್’ ಎಂದು ಕರೆದರು. ಶಬ್ದದ ಕೊನೆಯಲ್ಲಿ ‘ಐಟಿಸ್’ ಎಂದು ಬಂದರೆ ಆ ಅಂಗಕ್ಕೆ ಉರಿಯೂತವಾಗಿದೆಯೆಂದು ತಿಳಿಯತಕ್ಕದ್ದು. ಮಿದುಳಿಗೇ ಆದ ಉರಿಯೂತವು ‘ಎನ್ಸೆಫಲೈಟಿಸ್’. ಮಿದುಳಿನ ಪೊರೆಗಳಿಗೆ ಆದದ್ದು ‘ಮೆನಿಂಜೈಟಿಸ್’, ಏಕೆಂದರೆ ‘ಮೆನಿಂಕ್ಸ್’ ಎಂದರೆ ಪೊರೆ. ಜನರು ಎರಡನ್ನೂ ಮಿದುಳುಜ್ವರವೆಂದೇ ಕರೆಯುವದುಂಟು. ಎರಡೂ ಪ್ರಾಣಾಂತಿಕವಾಗಬಲ್ಲವು. ಜ್ವರದೊಡನೆ ಕತ್ತು ಸೆಟೆದುಕೊಂಡರೆ, ಮಾತು ತೊದಲಿದರೆ, ಸೆಳವು ಬಂದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಗದ್ದೆಯ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಜಾತಿಯ ಸೊಳ್ಳೆಗಳಿಂದ ಹರಡುವ ಜಪಾನೀಸ್ ಎನ್ಸೆಫಲೈಟಿಸ್ ರೋಗಕ್ಕೆ ಲಸಿಕೆಯುಂಟು.

‘ಹ್ಯುಡೋರ್’ ಎಂದರೆ ನೀರು. ಮಿದುಳಿನ ಕುಹರಗಳಲ್ಲಿ ದ್ರವವು ಹೆಚ್ಚಾಗಿ ನಿಂತರೆ ಅದು ‘ಹೈಡ್ರೊಕೆಫಲಸ್’. ಶಿಶುವಿನ ಬುರುಡೆಯ ಎಲುಬುಗಳು ಇನ್ನೂ ಬೆಸೆದುಕೊಂಡಿರುವದಿಲ್ಲವಾದ್ದರಿಂದ ತಲೆಯು ಮಿತಿಮೀರಿ ಬೆಳೆಯುತ್ತದೆ, ನೆತ್ತಿಯು ಉಬ್ಬುತ್ತದೆ. ಹುಟ್ಟಿದ ಕೂಸಿನ ತಲೆಯ ಸುತ್ತಳತೆಯು ಸಾಧಾರಣವಾಗಿ 35 ಸೆಂಟಿಮೀಟರಿನಷ್ಟಿರುವದು. ಹೆಚ್ಚಿನ ದ್ರವವನ್ನು ಸಣ್ಣ ನಳಿಕೆಯ ಮೂಲಕ ಹೊಟ್ಟೆಯೊಳಕ್ಕೆ ಹರಿಯಿಸುವ ಶಸ್ತ್ರಕ್ರಿಯೆಯು ಪ್ರಚಾರದಲ್ಲಿದೆ.

‘ಅನ್’ ಎಂಬುದು ಅಭಾವವನ್ನು ಸೂಚಿಸುವದು. ಮಿದುಳಿನ ಬಹುಭಾಗವು ಬೆಳೆಯದೆ ಶಿಶುವು ಹುಟ್ಟುವ ದುರವಸ್ಥೆಗೆ ‘ಅನೆನ್ಸೆಫಲಿ’ ಎನ್ನುವರು. ಇಂಥ ಕೂಸುಗಳನ್ನು ಕಂಡಾಗ ಗ್ರಹಣದ ದೋಷವೆಂದೂ ತಾಯಿಯ ಪಾಪವೆಂದೂ ಆಡಿಕೊಳ್ಳುವವರುಂಟು. ಬಾಣಂತಿಗೆ ಇದಕ್ಕಿಂತ ಕ್ರೂರವಾದ ಮಾತು ಬೇರೊಂದಿಲ್ಲ. ಗರ್ಭದಲ್ಲಿ ಮಿದುಳು ಮತ್ತು ಬೆನ್ನುಹುರಿಗಳಾಗಿ ಬೆಳೆಯುವ ನಳಿಕೆಯು ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳಬೇಕು. ಅದು ಮುಚ್ಚದಿರುವದೇ ಇದರ ಕಾರಣ. ಆ ಹೊತ್ತಿಗೆ ಎಷ್ಟೋ ಸ್ತ್ರೀಯರಿಗೆ ತಾವು ಬಸುರಾದ ಸಂಗತಿಯೇ ತಿಳಿದಿರುವದಿಲ್ಲ. ಫೋಲಿಕ್ ಆಮ್ಲವನ್ನು ಗರ್ಭಧಾರಣೆಗೆ ಮೊದಲೇ ಸೇವಿಸತೊಡಗಿದರೆ ಈ ಕೇಡು ಬಹಳಮಟ್ಟಿಗೆ ತಪ್ಪುವದೆಂದು 1991ರಲ್ಲಿ ಪ್ರಕಟವಾದ ಪ್ರಯೋಗವು ತೋರಿಸಿಕೊಟ್ಟಿತು. ದಿನಕ್ಕೆ 400 ಮೈಕ್ರೊಗ್ರಾಮ್ ಸಾಮಾನ್ಯ ಪ್ರಮಾಣವಾದರೂ ಡಾಕ್ಟರರ ಸಲಹೆಯನ್ನು ಕೇಳಿಯೇ ತೆಗೆದುಕೊಳ್ಳತಕ್ಕದ್ದು.

ಗಳಗನಾಥರು ಸಂಪಾದಿಸಿದ ‘ಸದ್ಬೋಧ ಚಂದ್ರಿಕೆ’ಯು ಅಗಡಿಯ ಆನಂದವನದಿಂದ ಹೊರಟು ಕನ್ನಡದ ಮನೆಮನೆಗೆ ಓದುವ ಹವ್ಯಾಸವನ್ನು ಹಬ್ಬಿಸಿತು. ಅಂಥ ನಾಡಿನಲ್ಲಿ ಓದು ಕಲಿತ ಸೋದರಿಯರು ಡಾಕ್ಟರರ ಚೀಟಿಯ ಶಬ್ದವನ್ನು ಬಿಡಿಸಿ ಅವ್ವನಿಗೂ ಅಕ್ಕನಿಗೂ ತಿಳಿಯುವಂತೆ ಹೇಳಿದರೆ, ಒಂದು ಮನೆಯ ಭಯವಾದರೂ ಕಡಿಮೆಯಾದೀತು.