ಜರ್ಮನ್ ಕಲಿತಾಯ್ತು, ಟಿಕೆಟ್ಟೂ ಬಂತು, ಕಿವಿ ತಯಾರಿದೆಯೇ?

ಪಾಲಮೂರು ಕಡೆಯವರಿಗೆ ವಲಸೆ ಹೊಸದಲ್ಲ. ಮುಂಬೈ, ಪುಣೆ, ಬೆಂಗಳೂರು, ಕೆಲವರಿಗೆ ದುಬೈ. ಅಲ್ಲಿನ ಭಾಷೆ ಕೆಲಸ ಮಾಡುತ್ತ ಮಾಡುತ್ತ ತಾನೇ ಬರುತ್ತಿತ್ತು, ಯಾರೂ ಪರೀಕ್ಷೆ ಕೇಳಲಿಲ್ಲ. ನರ್ಸಿಂಗ್ ಓದಿ ಜರ್ಮನಿಗೆ ಹೊರಟವರ ಕಥೆ ಬೇರೆ. ಇಲ್ಲಿ ಮೊದಲು ಭಾಷೆ, ಆಮೇಲೆ ವಿಮಾನ.

ಎ1ರಿಂದ ಶುರು ಮಾಡಿ ಎ2, ಬಿ1, ಬಿ2 ಎಂದು ಮೆಟ್ಟಿಲು ಹತ್ತಬೇಕು. ಕೆಲವರು ಬಿ1 ಮುಗಿಸಿ ಹೋಗಿ ಬಿ2 ಅಲ್ಲೇ ಬರೆಯುತ್ತಾರೆ. ಅರ್ಹತೆಗೆ ಮಾನ್ಯತೆ ಸಿಗುವವರೆಗೆ ಸಹಾಯಕಿಯ ಕೆಲಸ, ಸಹಾಯಕಿಯ ಸಂಬಳ. ಡ್ಯೂಟಿ ಮಾಡುತ್ತಾ ಕಲಿಯುವವರಿಗೆ ಇದೆಲ್ಲ ವರ್ಷಗಳ ಮಾತು. ತೆಲಂಗಾಣ ಸರ್ಕಾರದ ಟಾಮ್‌ಕಾಮ್ ಸಂಸ್ಥೆಯೂ ನರ್ಸ್‌ಗಳಿಗೆ ಭಾಷೆ ಕಲಿಸಿ ಕಳಿಸುವ ಕೆಲಸ ಮಾಡುತ್ತಾ ಬಂದಿದೆ.

ಪರೀಕ್ಷೆ ಪಾಸಾದವರಿಗೂ ಹೋಗುವ ಹಿಂದಿನ ದಿನ ಒಂದೇ ದಿಗಿಲು: ಅವರು ಮಾತಾಡಿದ್ದು ನನಗೆ ತಿಳಿಯುತ್ತದೆಯೇ? ದಿಗಿಲು ಸುಳ್ಳಲ್ಲ. ಪುಸ್ತಕದಲ್ಲಿ 'ಏನು ಮಾಡುತ್ತಿದ್ದೀರಿ' ಎಂದು ಓದಿದವರು ಕೃಷ್ಣಾ ನದಿ ದಾಟಿ ರಾಯಚೂರಿಗೆ ಹೋದರೆ ಕೇಳುವುದು 'ಏನ್ ಮಾಡಾಕತ್ತೀರಿ'. ತೆಲುಗು ಪಾಠದ 'ಏಮಿ ಚೇಸ್ತುನ್ನಾವು' ಮಕ್ತಲ್ ಸಂತೆಯಲ್ಲಿ 'ಏಂ ಜೇಸ್ತುನ್ನವ್'. ಜರ್ಮನಿಯಲ್ಲೂ ಹೀಗೇ. ಕ್ಲಾಸಿನಲ್ಲಿ 'ಗುಟೆನ್ ಟಾಗ್' ಕಲಿತವರಿಗೆ ಬವೇರಿಯಾದಲ್ಲಿ 'ಗ್ರ್ಯೂಸ್ ಗಾಟ್' ಎನ್ನುತ್ತಾರೆ. ಬೆಳಗಿನ ಸಣ್ಣ ಬ್ರೆಡ್ಡಿಗೂ ಒಂದೊಂದು ಊರಲ್ಲಿ ಒಂದೊಂದು ಹೆಸರು. ಅದರಿಂದ ನಷ್ಟವೇನಿಲ್ಲ, ಬೆರಳು ತೋರಿಸಿದರೆ ಕೊಡುತ್ತಾರೆ.

ನಷ್ಟ ಆಗುವುದು ಅಂಕಿಯಲ್ಲಿ. ನಾವು ಕನ್ನಡದಲ್ಲಿ, ತೆಲುಗಿನಲ್ಲಿ 42 ಅಂದರೆ ನಲವತ್ತು ಮೊದಲು, ಎರಡು ಆಮೇಲೆ. ಜರ್ಮನ್‌ನಲ್ಲಿ 'ಎರಡು ಮತ್ತು ನಲವತ್ತು'. ಹಿರಿಯ ನರ್ಸ್ ಫೋನಿನಲ್ಲಿ ಔಷಧದ ಪ್ರಮಾಣ ಹೇಳುವಾಗ ಕೇಳಿದ ಕ್ರಮದಲ್ಲೇ ಬರೆದುಕೊಂಡರೆ 42 ಹೋಗಿ 24 ಆಗುತ್ತದೆ. ಉರ್ದು ಲೆಕ್ಕ ಬಲ್ಲವರಿಗೆ ಇದು ಸ್ವಲ್ಪ ಸಲೀಸು: ಬಯಾಲೀಸ್‌ನಲ್ಲೂ ಎರಡೇ ಮುಂದೆ, ಚೌಬೀಸ್‌ನಲ್ಲೂ ನಾಲ್ಕೇ ಮುಂದೆ. ಅಂಗಡಿಯಲ್ಲಿ ಕಲಿತ ಉರ್ದು ಎಲ್ಲಿ ಉಪಯೋಗಕ್ಕೆ ಬಂತು ನೋಡಿ! ಏನೇ ಇರಲಿ, ಅಂಕಿಯನ್ನು ಒಂದೊಂದಾಗಿ ತಿರುಗಿ ಹೇಳಿ ಖಾತ್ರಿ ಮಾಡಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ.

ಗಡಿಯಾರವೂ ಅಷ್ಟೇ. 'ಹಾಲ್ಪ್ ಡ್ರೈ' ಎಂದರೆ ಅಕ್ಷರಶಃ 'ಅರ್ಧ ಮೂರು'. ಮೂರೂವರೆ ಎಂದುಕೊಂಡು ಹೋದರೆ ಒಂದು ಗಂಟೆ ತಡ, ಅದು ಎರಡೂವರೆ. ಡ್ಯೂಟಿ ಸಮಯವನ್ನು ಬರೆಸಿಕೊಳ್ಳಿ.

ಒಂದು ವಿಷಯದಲ್ಲಿ ನೀವು ಇಂಗ್ಲಿಷ್ ಮಾತ್ರ ಬಲ್ಲವರಿಗಿಂತ ಮುಂದಿದ್ದೀರಿ. ಜರ್ಮನ್‌ನಲ್ಲೂ ನೀನು, ನೀವು ಎಂಬ ಭೇದ ಇದೆ. ರೋಗಿಗೆ 'ಝೀ', ಅಂದರೆ ನೀವು. ಜೊತೆ ಕೆಲಸದವರು ತಾವಾಗಿ ಹೇಳಿದ ಮೇಲೆ 'ಡು'.

ಇನ್ನು ದುಡ್ಡು. ನೋಂದಾಯಿತ ಏಜೆಂಟ್ ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಏಜೆಂಟ್ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ ನೋಡಿ, ರಸೀದಿ ಪಡೆಯಿರಿ. ಹೊಲ ಅಡವಿಡುವ ಮಾತು ಬಂದರೆ ಅಲ್ಲೇ ನಿಲ್ಲಿ.

ಕಲಿತ ಭಾಷೆಯ ಮೊದಲ ಪ್ರಯೋಗ ಕೆಲಸದ ಕರಾರಿನ ಮೇಲೇ ಆಗಲಿ. 'ಬ್ರುಟ್ಟೊ' ಎಂದು ಬರೆದ ಸಂಬಳ ಕೈಗೆ ಬರುವುದಲ್ಲ. ತೆರಿಗೆ, ವಿಮೆ ಕಳೆದು ಉಳಿಯುವುದು 'ನೆಟ್ಟೊ'. ವಾರಕ್ಕೆ ಎಷ್ಟು ಗಂಟೆ, ಬಿ2 ಫೇಲಾದರೆ ಏನು, ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು? ಈ ಮೂರು ಸಾಲು ಸಿಗುವವರೆಗೆ ಸಹಿ ಹಾಕಬೇಡಿ.