ಕುಲುಮೆಯೂ ಕರಿಹಲಗೆಯೂ

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರಿಲ್ಲ. ಆದರೆ ಕೈ ಕೆಸರು ಮಾಡಿಕೊಳ್ಳಲು ಸಿದ್ಧನಾಗಿ ನಿಂತ ತರುಣನಿಗೆ ಗದ್ದೆ ಎಲ್ಲಿದೆ, ನೇಗಿಲು ಹಿಡಿಯುವುದನ್ನು ಕಲಿಸುವವರು ಯಾರು ಎಂಬ ಪ್ರಶ್ನೆಗೆ ಗಾದೆ ಉತ್ತರ ಹೇಳುವುದಿಲ್ಲ. ಆ ಉತ್ತರವನ್ನು ಊರೇ ಕಂಡುಕೊಳ್ಳಬೇಕು. ಶಾಲೆಯ ಕರಿಹಲಗೆ ಒಂದು ದಿಕ್ಕಿಗೆ, ಕಾರ್ಖಾನೆಯ ಕುಲುಮೆ ಇನ್ನೊಂದು ದಿಕ್ಕಿಗೆ ಮುಖ ಮಾಡಿ ಕುಳಿತರೆ, ನಡುವೆ ನಿಂತ ಹುಡುಗನಿಗೆ ಎರಡೂ ದಕ್ಕುವುದಿಲ್ಲ.

ಈ ಮಾತಿಗೆ ನಮ್ಮ ಭದ್ರಾವತಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಬೆಂಕಿಪುರವೆಂಬ ಹಳೆಯ ಹೆಸರಿನ ಆ ಊರಿನಲ್ಲಿ ಮೈಸೂರು ಸಂಸ್ಥಾನವು ಕಬ್ಬಿಣದ ಕಾರ್ಖಾನೆಯನ್ನು ಕೈಗೊಂಡದ್ದು 1918ರಲ್ಲಿ. ಅಲ್ಲಿ ಬೀಡು ಕಬ್ಬಿಣ ಹರಿದದ್ದು 1923ರಲ್ಲಿ. ಆರಂಭದಲ್ಲಿ ಯೋಜನೆಗೆ ಸಲಹೆ ಕೊಟ್ಟವರು ಅಮೆರಿಕದ ತಜ್ಞರು. 1923ರಿಂದ 1929ರವರೆಗೆ ಆಡಳಿತ ಮಂಡಲಿಯ ಅಧ್ಯಕ್ಷರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಹೊರಗಿನವರನ್ನೇ ನೆಚ್ಚಿಕೊಳ್ಳದೆ ನಾಡಿನ ಎಂಜಿನಿಯರುಗಳನ್ನು ಆ ಕೆಲಸದಲ್ಲಿ ಪಳಗಿಸಿದರು. ಅಷ್ಟೇ ಅಲ್ಲ, ಆ ಸೇವೆಗಾಗಿ ತಮಗೆ ಸಲ್ಲಬೇಕಾದ ಸಂಭಾವನೆಯನ್ನು ಅವರು ಮನೆಗೆ ಒಯ್ಯಲಿಲ್ಲ. ಮಕ್ಕಳಿಗೆ ಕಸಬು ಕಲಿಸುವ ವಿದ್ಯಾಲಯಕ್ಕೆ ಅದು ವಿನಿಯೋಗವಾಗಲೆಂದು ಬಿಟ್ಟುಕೊಟ್ಟರು. ಬೆಂಗಳೂರಿನಲ್ಲಿ 1943ರಲ್ಲಿ ತೊಡಗಿದ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್, ಈಗಿನ ಎಸ್. ಜೆ. ಪಾಲಿಟೆಕ್ನಿಕ್, ಆ ಸಂಕಲ್ಪದ ಫಲ. ಭದ್ರಾವತಿಯ ಕುಲುಮೆಯಲ್ಲಿ ಹುಟ್ಟಿದ ಹಣ ಬೆಂಗಳೂರಿನ ಕರಿಹಲಗೆಯಾಯಿತು.

ಭದ್ರಾವತಿಯಲ್ಲಿಯೂ ಪಾಲಿಟೆಕ್ನಿಕ್ ಬೆಳೆಯಿತು. ಕಾರ್ಖಾನೆಯ ರಜತೋತ್ಸವದ ನೆನಪನ್ನು ಅದು ತನ್ನ ಹೆಸರಿನಲ್ಲೇ ಹೊತ್ತಿದೆ. ತಂದೆ ಕಾರ್ಖಾನೆಯಲ್ಲಿ, ಮಗ ಕಾರ್ಖಾನೆಯ ತರಬೇತಿಯಲ್ಲಿ ಎಂಬುದು ಅಲ್ಲಿನ ಎಷ್ಟೋ ಮನೆಗಳ ಕಥೆ. 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯೂ ಇಂಥದೇ ಇನ್ನೊಂದು ಆಸರೆಯಾಯಿತು.

ಆದರೆ ಒಂದೇ ಕಂಬಕ್ಕೆ ಮನೆಯ ತೊಲೆಗಳನ್ನೆಲ್ಲ ಆನಿಸಿದರೆ ಕಂಬ ಅಲುಗಿದ ದಿನ ಮನೆಯೂ ಅಲುಗುತ್ತದೆ. ಕಾಗದದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು. ಕಬ್ಬಿಣದ ಕಾರ್ಖಾನೆಯು 1998ರಲ್ಲಿ ಭಾರತ ಉಕ್ಕು ಪ್ರಾಧಿಕಾರದಲ್ಲಿ ಲೀನವಾಗಿತ್ತು; ಅದನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಿತು. ಕಾರ್ಮಿಕರು ಹೋರಾಟಕ್ಕೆ ನಿಂತರು. ಅದೇ ಆಗಸ್ಟಿನಲ್ಲಿ ಸರಳು ತೆಗೆಯುವ ವಿಭಾಗದಲ್ಲಿ ಮತ್ತೆ ಕೆಲಸ ಶುರುವಾಯಿತು. ಈ ಏರಿಳಿತದಲ್ಲಿ ಸಂಬಳದ ಚಿಂತೆ ಎಲ್ಲರ ಕಣ್ಣಿಗೂ ಬಿದ್ದಿತು. ಅದರ ಜೊತೆಗೆ ಹೊಸ ತಲೆಮಾರು ಕೆಲಸ ಕಲಿಯುವ ಜಾಗವೇ ಕಿರಿದಾಯಿತೆಂಬುದು ಅಷ್ಟಾಗಿ ಕಣ್ಣಿಗೆ ಬೀಳಲಿಲ್ಲ.

ಹಾಗಾದರೆ ಇನ್ನು ಕಲಿಸುವವರು ಯಾರು? ಉತ್ತರ ದೂರವಿಲ್ಲ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಸುಮಾರು 20 ಕಿಲೋಮೀಟರು. ನಡುದಾರಿಯಲ್ಲಿ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶವಿದೆ. ಶಿವಮೊಗ್ಗದ ಸುತ್ತ ಎರಕದ ಕಾರ್ಖಾನೆಗಳು, ಜನರ ಮಾತಿನಲ್ಲಿ ಫೌಂಡ್ರಿಗಳು, ಒಂದರ ಪಕ್ಕ ಒಂದು ನೆಲೆಸಿವೆ. ಒಂದೊಂದೂ ಭದ್ರಾವತಿಯ ಹಳೆಯ ಕಾರ್ಖಾನೆಯಷ್ಟು ದೊಡ್ಡದಲ್ಲ. ಆದರೆ ಕೂಡಿದರೆ ಚಿಕ್ಕವೂ ಅಲ್ಲ.

ಎರಕದ ಕೆಲಸವೆಂದರೆ ಹೊರಗಿನಿಂದ ನೋಡುವವರಿಗೆ ಬೆಂಕಿ, ಮರಳು, ಬೆವರು, ಇಷ್ಟೇ. ಒಳಹೊಕ್ಕು ನೋಡಿದರೆ ಅಲ್ಲಿ ಗಣಿತವುಂಟು, ರಸಾಯನಶಾಸ್ತ್ರವುಂಟು. ಕರಗಿದ ಲೋಹ ಆರಿದಾಗ ಕುಗ್ಗುತ್ತದೆ. ಬೀಡು ಕಬ್ಬಿಣವಾದರೆ ಮೀಟರಿಗೆ ಸುಮಾರು 10 ಮಿಲಿಮೀಟರು, ಉಕ್ಕಾದರೆ ಸುಮಾರು 20. ಇದನ್ನು ಮೊದಲೇ ಲೆಕ್ಕ ಹಿಡಿದು ಮಾದರಿಯನ್ನು ಅಷ್ಟು ದೊಡ್ಡದಾಗಿ ಮಾಡದಿದ್ದರೆ ಎರಕ ಅಳತೆಗೆ ಬಾರದು. ಅಚ್ಚಿನ ಮರಳಿನಲ್ಲಿ ತೇವ ಹೆಚ್ಚಾದರೆ ಹಬೆ ಎದ್ದು ಲೋಹದೊಳಗೆ ಗುಳ್ಳೆ ನಿಲ್ಲುತ್ತದೆ. ಕುಗ್ಗುವಿಕೆಯ ಲೆಕ್ಕವನ್ನು ಕರಿಹಲಗೆಯ ಮೇಲೆ ಕಲಿಸಬಹುದು. ಮರಳನ್ನು ಮುಷ್ಟಿಯಲ್ಲಿ ಹಿಸುಕಿ ಅದರ ಹದ ಹೇಳುವುದನ್ನು ಕುಲುಮೆಯ ಬಳಿಯಲ್ಲೇ ಕಲಿಯಬೇಕು. ದಡದ ಮೇಲೆ ನಿಂತು ಈಜು ಕಲಿತವರಿಲ್ಲ.

ಚಿಕ್ಕ ಫೌಂಡ್ರಿಯ ಮಾಲೀಕರು, ‘ನಾವು ಹುಡುಗನಿಗೆ ಕಲಿಸುತ್ತೇವೆ, ಕಲಿತ ಮರುದಿನವೇ ಅವನು ಪಕ್ಕದ ಕಾರ್ಖಾನೆಗೆ ಹೋದರೆ?’ ಎಂದು ಕೇಳಿದರೆ ತಪ್ಪಲ್ಲ. ಇದಕ್ಕೆ ಪರಿಹಾರ ಕಾನೂನಿನಲ್ಲೇ ಇದೆ. 1961ರ ಅಪ್ರೆಂಟಿಸ್ ಕಾಯಿದೆಯು ಹಲವು ಮಾಲೀಕರು ಒಟ್ಟುಗೂಡಿ ತರಬೇತಿ ಕೊಡಲು ಅವಕಾಶವಿತ್ತಿದೆ. ಸರ್ಕಾರಿ ಕಾಗದಗಳಲ್ಲಿ ಅಪ್ರೆಂಟಿಸನ್ನು ‘ಶಿಶಿಕ್ಷು’ ಎನ್ನುವುದುಂಟು. ಪಂಡಿತನಾದ ನನಗೆ ಆ ಮಾತು ರುಚಿಸಿದರೂ, ಬೀದಿಯಲ್ಲಿ ನಡೆಯುವ ನಾಣ್ಯ ಅಪ್ರೆಂಟಿಸ್ ಎಂಬುದೇ. ಒಬ್ಬ ಅಪ್ರೆಂಟಿಸ್ ಒಂದು ಕಡೆ ಮಾದರಿ ಮಾಡುವುದನ್ನೂ, ಇನ್ನೊಂದು ಕಡೆ ಲೋಹ ಪರೀಕ್ಷೆಯನ್ನೂ ಕಲಿಯಬಹುದು. ಎಲ್ಲರೂ ಕಲಿಸಿದರೆ ಎಲ್ಲರಿಗೂ ಕಲಿತವರು ಸಿಕ್ಕುತ್ತಾರೆ. ಪಕ್ಕದವನ ಭಯ ತಾನಾಗಿ ತಗ್ಗುತ್ತದೆ. 2019ರಲ್ಲಿ ತಿದ್ದಿದ ನಿಯಮಗಳಂತೆ 30 ಅಥವಾ ಹೆಚ್ಚು ಜನರಿರುವ ಸಂಸ್ಥೆ, ತನ್ನ ಸಿಬ್ಬಂದಿಯ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಬೇಕು. ನಾಲ್ಕು ಜನರಿರುವ ಸಂಸ್ಥೆಯೂ ಇಷ್ಟಪಟ್ಟರೆ ತೆಗೆದುಕೊಳ್ಳಬಹುದು.

ಇನ್ನು ವಿದ್ಯಾಲಯದ ಕಡೆಯ ಮಾತು. ಅಮೆರಿಕದಲ್ಲಿ 1901ರಲ್ಲಿ ಜೋಲಿಯೆಟ್ ಎಂಬ ಊರಿನಲ್ಲಿ ಆರಂಭವಾದ ಎರಡು ವರ್ಷದ ಕಾಲೇಜು ಮುಂದೆ ‘ಕಮ್ಯೂನಿಟಿ ಕಾಲೇಜು’ ಎಂಬ ಪರಂಪರೆಗೆ ದಾರಿಯಾಯಿತು. ಊರಿಗೆ ಬೇಕಾದುದನ್ನು ಊರಿನಲ್ಲೇ, ಕಡಿಮೆ ವೆಚ್ಚದಲ್ಲಿ ಕಲಿಸುವುದು ಅದರ ತತ್ತ್ವ. ಜರ್ಮನಿಯಲ್ಲಿ ಶಿಕ್ಷಾರ್ಥಿಯು ವಾರದಲ್ಲಿ ಒಂದೆರಡು ದಿನ ಶಾಲೆಯಲ್ಲಿಯೂ ಉಳಿದ ದಿನ ಕಾರ್ಖಾನೆಯಲ್ಲಿಯೂ ಇರುತ್ತಾನೆ. ಪರೀಕ್ಷೆ ನಡೆಸುವವರು ಅಲ್ಲಿನ ಉದ್ಯಮ ಮಂಡಲಿಗಳು. ನಮ್ಮ ದೇಶದಲ್ಲಿ ಇಂಥ ಕಾಲೇಜು 1995ರಲ್ಲಿ ಪುದುಚೇರಿಯಲ್ಲಿ ಮೊದಲಾಯಿತು. ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಅನಂತರ ರೂಪಿಸಿದ ಯೋಜನೆಯಲ್ಲಿ ಕೌಶಲಕ್ಕೆ ಶೇಕಡಾ 60, ಸಾಮಾನ್ಯ ವಿದ್ಯೆಗೆ ಶೇಕಡಾ 40 ಪಾಲು ಇಟ್ಟಿತು. ಕರ್ನಾಟಕದಲ್ಲಿ ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ತೊಡಗಿದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿ.ಟಿ.ಟಿ.ಸಿ., ಟೂಲ್ ಅಂಡ್ ಡೈ ಡಿಪ್ಲೊಮಾದಲ್ಲಿ ಮೂರು ವರ್ಷದ ಕಲಿಕೆಯ ಮೇಲೆ ಒಂದು ವರ್ಷ ಕಾರ್ಖಾನೆಯ ಕೆಲಸವನ್ನೂ ಕೂಡಿಸಿದೆ. ಶಿವಮೊಗ್ಗದಲ್ಲಿಯೂ ಅದರ ಕೇಂದ್ರವುಂಟು. 2022ರಲ್ಲಿ ರಾಜ್ಯದ 150 ಸರ್ಕಾರಿ ಐ.ಟಿ.ಐ.ಗಳು ಟಾಟಾ ಸಂಸ್ಥೆಯ ಸಹಭಾಗಿತ್ವದಲ್ಲಿ ಹೊಸ ಯಂತ್ರಗಳನ್ನು ಪಡೆದವು.

ಯಂತ್ರ ಬಂದರೆ ಸಾಲದು. ವಿದ್ಯಾಲಯದೊಳಗೂ ಕೂಡುಬಾಳು ಬೇಕು. ಗಣಿತದವರಿಗೆ ವರ್ಕ್‌ಶಾಪಿನ ಅಳತೆ ಗೊತ್ತಿಲ್ಲ, ವರ್ಕ್‌ಶಾಪಿನವರಿಗೆ ಭಾಷೆಯ ತರಗತಿ ಬೇಡ ಎಂದಾದರೆ ಶಿಕ್ಷಾರ್ಥಿ ಮೂರು ಚೂರಾಗುತ್ತಾನೆ. ಕುಗ್ಗುವಿಕೆಯ ಲೆಕ್ಕವನ್ನು ಗಣಿತದ ಮೇಷ್ಟ್ರು, ಮರಳಿನ ಗುಣವನ್ನು ವಿಜ್ಞಾನದವರು ಹೇಳಿಕೊಡಲಿ. ಅಪಾಯದ ಸೂಚನೆಯನ್ನು ಓದಿ, ದಿನದ ಕೆಲಸವನ್ನು ನಾಲ್ಕು ಸಾಲಿನಲ್ಲಿ ಸ್ಪಷ್ಟವಾಗಿ ಬರೆಯುವುದನ್ನು ಕನ್ನಡ ಪಂಡಿತರು ಕಲಿಸಲಿ. ಇದರಲ್ಲಿ ನಮ್ಮ ಗೌರವಕ್ಕೆ ಕುಂದೇನೂ ಇಲ್ಲ. ‘ಕಮ್ಮಟ’ ಎಂಬ ನಮ್ಮ ಪದವನ್ನೇ ನೋಡಿ. ಹಿಂದೆ ಅದು ನಾಣ್ಯ ಅಚ್ಚುಹಾಕುವ ಸ್ಥಳ; ಈಗ ಸಾಹಿತಿಗಳೂ ತಮ್ಮ ಕಲಿಕೆಯ ಕೂಟಕ್ಕೆ ಅದೇ ಹೆಸರಿಡುತ್ತಾರೆ. ಕೈಯ ವಿದ್ಯೆಗೂ ಬಾಯಿಯ ವಿದ್ಯೆಗೂ ನಡುವೆ ಭಾಷೆ ಗೋಡೆ ಕಟ್ಟಿಲ್ಲ, ಕಟ್ಟಿದವರು ನಾವು.

ಮನೆಯ ಹಿರಿಯರಲ್ಲಿ ಒಂದು ಬಿನ್ನಹ. ಮಗನನ್ನಾಗಲಿ ಮಗಳನ್ನಾಗಲಿ ಇಂಥ ತರಬೇತಿಗೆ ಸೇರಿಸುವ ಮುನ್ನ ಕಟ್ಟಡದ ಅಂದವನ್ನು ನೋಡಿ ಮರುಳಾಗಬೇಡಿ. ಯಾವ ಕಾರ್ಖಾನೆಯೊಡನೆ ಬರಹದ ಒಪ್ಪಂದವಿದೆ? ವಾರದಲ್ಲಿ ಎಷ್ಟು ದಿನ ಯಂತ್ರದ ಮುಂದೆ ನಿಲ್ಲುವುದು? ಭತ್ಯ ಎಷ್ಟು, ಕೊಡುವವರು ಯಾರು? ಕೊನೆಯಲ್ಲಿ ದೊರೆಯುವ ಪ್ರಮಾಣಪತ್ರವನ್ನು ಬೇರೆ ಊರಿನಲ್ಲಿಯೂ ಮನ್ನಿಸುತ್ತಾರೆಯೇ? ಒಂದು ಕಾರ್ಖಾನೆ ಸೊರಗಿದರೆ ಕಲಿಕೆ ಮುಂದುವರಿಸಲು ಮತ್ತೊಂದು ಇದೆಯೇ? ಈ ಐದನ್ನೂ ಸಂಕೋಚವಿಲ್ಲದೆ ಕೇಳಿ. ಭದ್ರಾವತಿಯ ಮನೆಗಳಿಗೆ ಐದನೆಯ ಪ್ರಶ್ನೆಯ ಬೆಲೆ ಚೆನ್ನಾಗಿ ಗೊತ್ತು.