ಹಳೇ ಕಾರಿನ ‘ಗರಗರ’: ಬಿಲ್ ಕಟ್ಟುವ ಮೊದಲು ಸದ್ದು ಕೇಳಿ

ಹಳೇ ಕಾರು ಇಟ್ಟುಕೊಂಡವರಲ್ಲಿ ಬಹಳ ಜನಕ್ಕೆ ಈ ಸದ್ದಿನ ಪರಿಚಯ ಇರುತ್ತೆ. ಆಕ್ಸಿಲರೇಟರ್ ಒತ್ತಿದ ಕೂಡಲೇ ಎಲ್ಲಿಂದಲೋ ‘ಗರಗರ’ ಅಂತ ಕಲ್ಲು ಅರೆದ ಹಾಗೆ. ಒಬ್ಬ ಮೆಕ್ಯಾನಿಕ್ ವೀಲ್ ಬೇರಿಂಗ್ ಅಂತಾರೆ, ಇನ್ನೊಬ್ಬರು ಗೇರ್‌ಬಾಕ್ಸ್ ಇಳಿಸಬೇಕು ಅಂತಾರೆ, ಮೂರನೆಯವರು ‘ಸಾರ್, ಗಾಡಿ ಮಾರಿಬಿಡಿ’ ಅಂತಾರೆ. ಈ ಮೂರು ಮಾತಿನ ಖರ್ಚಿಗೂ ಅಜಗಜಾಂತರ. ಸೆಕೆಂಡ್ ಹ್ಯಾಂಡ್ ಕಾರನ್ನೇ ನಂಬಿ ದುಡಿಯೋ ಮನೆಗೆ ಇದು ಸಣ್ಣ ವಿಷಯವಲ್ಲ.

ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ಕಲಿತ ಒಂದು ಸರಳ ಸೂತ್ರ ಇಲ್ಲಿ ಕೆಲಸಕ್ಕೆ ಬರುತ್ತೆ: ಸದ್ದು ಎಲ್ಲಿಂದ ಬರ್ತಿದೆ ಅಂತ ಹುಡುಕುವ ಮೊದಲು, ಅದು ಯಾವುದರ ಜೊತೆ ಬದಲಾಗ್ತಿದೆ ಅಂತ ನೋಡಿ. ಎಂಜಿನ್ ವೇಗದ ಜೊತೆಗಾ, ಚಕ್ರದ ವೇಗದ ಜೊತೆಗಾ, ಅಥವಾ ಎಂಜಿನ್ ಮೇಲೆ ಬೀಳುವ ಭಾರದ ಜೊತೆಗಾ?

ನಿಂತಲ್ಲೇ ಕೇಳಿ: ಬಯಲಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ನಿಧಾನಕ್ಕೆ ರೇಸ್ ಮಾಡಿ. ನಿಂತಲ್ಲೇ ಸದ್ದು ಬಂದು, ರೇಸ್ ಜೊತೆ ಏರಿದರೆ ಚಕ್ರದ ತಪ್ಪಲ್ಲ. ಆಲ್ಟರ್ನೇಟರ್, ವಾಟರ್ ಪಂಪ್, ಬೆಲ್ಟಿನ ಪುಲ್ಲಿ, ಇವುಗಳ ಬೇರಿಂಗ್ ಮೇಲೆ ಮೊದಲ ಅನುಮಾನ. ಎಸಿ ಹಾಕಿದಾಗ ಮಾತ್ರ ಬಂದರೆ ಕಂಪ್ರೆಸರ್ ಕಡೆ ನೋಡಿಸಿ. ಕ್ಲಚ್ ಒತ್ತಿದಾಗ ಸದ್ದು ಶುರುವಾದರೆ ರಿಲೀಸ್ ಬೇರಿಂಗ್ ಸವೆದಿರಬಹುದು. ಒತ್ತಿದಾಗ ನಿಂತುಹೋದರೆ ಗೇರ್‌ಬಾಕ್ಸ್ ಒಳಗಿನ ಬೇರಿಂಗ್ ಇರಬಹುದು.

ಓಡಿಸುತ್ತಾ ಕೇಳಿ: ಖಾಲಿ ರಸ್ತೆಯಲ್ಲಿ 40 ಕಿ.ಮೀ. ವೇಗದಲ್ಲಿ ಮೂರನೇ ಗೇರ್, ಆಮೇಲೆ ಅದೇ ವೇಗದಲ್ಲಿ ನಾಲ್ಕನೇ ಗೇರ್. ಎಂಜಿನ್ ವೇಗ ಬದಲಾಯಿತು, ಚಕ್ರದ ವೇಗ ಬದಲಾಗಲಿಲ್ಲ. ಸದ್ದೂ ಹಾಗೇ ಉಳಿದರೆ ವೀಲ್ ಬೇರಿಂಗ್ ಅಥವಾ ಟೈರ್ ಕಡೆ ಬೆರಳು ತೋರಿಸುತ್ತೆ. ಎಡಕ್ಕೆ ತಿರುಗಿದಾಗ ಗಾಡಿಯ ಭಾರ ಬಲಕ್ಕೆ ವಾಲುತ್ತೆ. ಆಗ ಸದ್ದು ಜಾಸ್ತಿಯಾದರೆ ಸಾಮಾನ್ಯವಾಗಿ ಬಲಗಡೆಯ ಬೇರಿಂಗ್. ಪೂರ್ತಿ ತಿರುಗಿಸಿ ರೇಸ್ ಕೊಟ್ಟಾಗ ‘ಕಟಕಟ’ ಅಂದರೆ ಹೊರಗಿನ ಸಿವಿ ಜಾಯಿಂಟ್ ನೋಡಿಸಿ.

ಭಾರ ಬಿದ್ದಾಗ ಕೇಳಿ: ಏರು ಹತ್ತುವಾಗ ಅಥವಾ ಜೋರಾಗಿ ಒತ್ತಿದಾಗ ಮಾತ್ರ ಸದ್ದು ಬಂದು, ಕಾಲು ತೆಗೆದ ಕೂಡಲೇ ನಿಂತರೆ? ಎಂಜಿನ್ ಮೌಂಟಿನ ರಬ್ಬರ್ ಹರಿದು ಎಂಜಿನ್ ವಾಲಿ, ಸೈಲೆನ್ಸರ್ ಪೈಪ್ ಬಾಡಿಗೆ ತಾಗ್ತಿರಬಹುದು. ಸೈಲೆನ್ಸರ್ ಮೇಲಿನ ತಗಡು ಸಡಿಲವಾಗಿದ್ದರೂ ಹೀಗೇ ಆಗುತ್ತೆ. ಎರಡು ಬೋಲ್ಟ್ ಬಿಗಿ ಮಾಡಿದರೆ ಮುಗಿಯುವ ಕೆಲಸಕ್ಕೆ ಗೇರ್‌ಬಾಕ್ಸ್ ಇಳಿಸುವ ಅಪಾಯ ಇರೋದು ಇಲ್ಲೇ.

ಎರಡು ಎಚ್ಚರಿಕೆ. ಬ್ರೇಕ್ ಹಾಕಿದಾಗಲೂ ಅರೆದಂತೆ ಸದ್ದು ಬಂದರೆ ಪ್ಯಾಡ್ ಸವೆದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿರಬಹುದು. ಚಕ್ರ ಅಲುಗಾಡ್ತಿದ್ದರೆ ಬೇರಿಂಗ್ ಕೊನೆಯ ಹಂತದಲ್ಲಿರಬಹುದು. ಎರಡರಲ್ಲೂ ಓಡಿಸಬೇಡಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ನುಗ್ಗಲೇಬೇಡಿ.

ಮೆಕ್ಯಾನಿಕ್‌ಗಳೆಲ್ಲ ಮೋಸಗಾರರು ಅಂತ ನಾನು ಹೇಳ್ತಿಲ್ಲ. ‘ಏನೋ ಸದ್ದು ಬರ್ತಿದೆ, ನೋಡಿ’ ಅಂದರೆ ಒಳ್ಳೆಯ ಮೆಕ್ಯಾನಿಕ್ ಕೂಡ ಊಹೆಯಿಂದಲೇ ಶುರು ಮಾಡಬೇಕು. ‘40ರಲ್ಲಿ ಬರುತ್ತೆ, ಗೇರ್ ಬದಲಿಸಿದರೂ ಹೋಗಲ್ಲ, ಎಡಕ್ಕೆ ತಿರುಗಿದರೆ ಜಾಸ್ತಿ’ ಅಂದರೆ ಅರ್ಧ ಕೆಲಸ ಮುಗೀತು. ಬದಲಿಸಿದ ಹಳೇ ಭಾಗವನ್ನು ಕೇಳಿ ಪಡೆಯಿರಿ.

ಇದರಲ್ಲಿ ರಾಜಕೀಯ ಎಲ್ಲಿದೆ ಅಂತೀರಾ? 2022ರ ಏಪ್ರಿಲ್ 1ರಿಂದ, 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 600 ರೂಪಾಯಿಯಿಂದ 5,000ಕ್ಕೆ ಏರಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅದೇ ಸರ್ಕಾರ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು. ಒಂದು ಕೈ ಹಳೇ ಗಾಡಿ ಬಿಡು ಅನ್ನುತ್ತೆ, ಇನ್ನೊಂದು ರಿಪೇರಿ ಮಾಡಿಸಿಕೋ ಅನ್ನುತ್ತೆ. ಹೊಗೆ ಉಗುಳುವ ಗಾಡಿ ರಸ್ತೆ ಬಿಡಲಿ, ಅದರಲ್ಲಿ ತಕರಾರಿಲ್ಲ. ಆದರೆ ಒಂದು ಬೇರಿಂಗ್ ಸವೆದಿದ್ದಕ್ಕೆ ಇಡೀ ಕಾರು ಗುಜರಿ ಸೇರಿದರೆ ಲಾಭ ಯಾರಿಗೆ? ಮಾಹಿತಿ ಯಾರ ಕೈಯಲ್ಲಿದೆಯೋ ಚೌಕಾಸಿ ಮಾಡುವ ಶಕ್ತಿಯೂ ಅವರಿಗೇ. ಹತ್ತು ನಿಮಿಷ ಕಿವಿಗೊಟ್ಟು ಕೇಳಿದರೆ ಅದರಲ್ಲಿ ಸ್ವಲ್ಪ ನಿಮ್ಮ ಕೈಗೂ ಬರುತ್ತೆ.